ನಾಲ್ಕನೇ ಕಂಬದಿಂದ ಮೇಲೆ

ನಮ್ಮ ಗುಡ್ಡದ ಮೇಲೆ ಹಿಮ ಬೀಳುವುದು ಈಚೆಗೆ ಕಡಿಮೆಯಾಗಿದೆ, ಆದರೆ ಜನ ಬೀಳುವುದು ಕಡಿಮೆಯಾಗಿಲ್ಲ. ಹಾಗಾಗಿ ನಗುವುದಕ್ಕೆ ಯಾವ ಚಳಿಗಾಲದಲ್ಲೂ ಬರ ಬಂದದ್ದಿಲ್ಲ.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿದ ಮನುಷ್ಯ ಜರ್ಮನಿಯ ಗುಡ್ಡದ ಬುಡದಲ್ಲಿ ಟಿಕೆಟ್ ಕೊಡುತ್ತಾ ಕೂತದ್ದು ಹೇಗೆ ಅಂತ ನಿಮ್ಮ ತಲೆಯಲ್ಲಿ ಹುಳ ಬಿಟ್ಟಂತಾಗುತ್ತದೆ. ಅಬ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಇಪ್ಪತ್ತೇಳು ವರ್ಷ ಓಡುವುದನ್ನೆಲ್ಲ ನಿಲ್ಲಿಸುತ್ತಾ ಬಂದೆ. ನಿವೃತ್ತಿಯಾದ ಮೇಲೆ, ಸುಮ್ಮನೆ ನಿಂತವರನ್ನು ಜಾರಿಸುವ ಕೆಲಸ ಸಿಕ್ಕಿತು.

ಬಾಡಿಗೆ ಕಡಿಮೆ ಅಂತ ನಾನೂ ನನ್ನ ಹೆಂಡತಿಯೂ ಮ್ಯೂನಿಕ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಒಂದು ಹಳ್ಳಿಗೆ ಬಂದೆವು. ಅಡುಗೆಮನೆ ಕಿಟಕಿಗೆ ಸರಿಯಾಗಿ ಒಂದು ಗುಡ್ಡ. ಗುಡ್ಡಕ್ಕೆ ಒಂದೇ ಲಿಫ್ಟ್, ನಡೆಸುವುದು ಊರವರದೇ ಸ್ಕೀ ಕ್ಲಬ್ಬು. ಲಿಫ್ಟ್ ಅಂದರೆ ಡಬ್ಬಿಯೊಳಗೆ ಕೂತು ಹೋಗುವುದಲ್ಲ. ಕಂಬದಿಂದ ಕಂಬಕ್ಕೆ ತಂತಿ, ತಂತಿಯಿಂದ ತೂಗುವ ಕೋಲು, ಕೋಲಿನ ತುದಿಗೆ ಒಂದು ಅಡ್ಡಪಟ್ಟಿ. ಕಾಲಿಗೆ ಸ್ಕೀ ಕಟ್ಟಿಕೊಂಡು ಆ ಪಟ್ಟಿಯನ್ನು ಸೊಂಟದ ಕೆಳಗೆ ಸಿಕ್ಕಿಸಿಕೊಂಡರೆ ಅದು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮೇಲೆ ಹೋದವರು ಜಾರಿಕೊಂಡು ಕೆಳಗೆ ಬರುತ್ತಾರೆ, ಮತ್ತೆ ಟಿಕೆಟ್ ತೋರಿಸಿ ಮೇಲೆ ಹೋಗುತ್ತಾರೆ. ನನ್ನ ಹೆಂಡತಿ ಮೊದಲ ದಿನ ಅರ್ಧ ಗಂಟೆ ಇದನ್ನೇ ನೋಡಿ, ಇವರೇನಾದರೂ ಮೇಲೆ ಮರೆತು ಬಂದಿದ್ದಾರಾ ಅಂತ ಕೇಳಿದಳು.

ಕ್ಲಬ್ಬಿನ ಅಧ್ಯಕ್ಷರು ಹಸು ಸಾಕುವ ರೈತರು, ಎಪ್ಪತ್ತು ದಾಟಿದವರು. ಹಿಮವನ್ನು ಹಾಸಿ ಸಮ ಮಾಡುವ ದೊಡ್ಡ ಯಂತ್ರವನ್ನು ಓಡಿಸುವವರೂ ಅವರೇ. ಮೊದಲ ದಿನವೇ ಈ ಸೀಮೆಯ ಒಂದು ಪದ್ಧತಿ ಹೇಳಿಕೊಟ್ಟರು. ಸಮುದ್ರಮಟ್ಟದಿಂದ ಸಾವಿರ ಮೀಟರ್ ದಾಟಿದ ಮೇಲೆ ಇಲ್ಲಿ ಯಾರಿಗೂ 'ನೀವು' ಇಲ್ಲ, ಎಲ್ಲರೂ 'ನೀನು'. ಊರು ಸಾವಿರಕ್ಕಿಂತ ಕೆಳಗಿದೆ, ಗುಡ್ಡದ ತಲೆ ಮೇಲಿದೆ. ಆ ಗೆರೆ ಲಿಫ್ಟಿನ ನಾಲ್ಕನೇ ಕಂಬದ ಹತ್ತಿರ ಹಾದು ಹೋಗುತ್ತದೆ. ಹಾಗಾಗಿ ಅಧ್ಯಕ್ಷರು ಟಿಕೆಟ್ ಕಿಟಕಿಯ ಹತ್ತಿರ ನನಗೆ ಬಹುವಚನ ಕೊಟ್ಟು ಮಾತು ಶುರುಮಾಡಿದರೆ, ಮೇಲೆ ತಲುಪುವ ಹೊತ್ತಿಗೆ ಅದೇ ಮಾತಿಗೆ ಏಕವಚನದಲ್ಲಿ ಬೈದು ಮುಗಿಸುತ್ತಾರೆ. ಇಳಿಯುವಾಗ ಮತ್ತೆ ಮರ್ಯಾದೆ. ದಿನಕ್ಕೆ ಆರು ಸಲ ನನ್ನ ಗೌರವ ಹತ್ತಿ ಇಳಿಯುತ್ತದೆ.

ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಹೆಂಡತಿ ಹುಳಿ ಕದಡುವುದನ್ನು ನಿಲ್ಲಿಸಿ, "ಎಷ್ಟನೇ ಕಂಬ ಅಂದ್ರಿ?" ಅಂತ ಕೇಳಿದಳು.

ಅವಳಿಗೆ ಆ ಗುಡ್ಡದ್ದೇ ಕನಸು. ದಿನಾ ಪಾತ್ರೆ ತೊಳೆಯುತ್ತಾ ನೋಡುವುದು ಅದನ್ನೇ. ಮೇಲಿಂದ ನೋಡಿದರೆ ಆಲ್ಪ್ಸ್ ಪರ್ವತ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ ಅಂತ ಬೇಕರಿಯಲ್ಲಿ ಯಾರೋ ಹೇಳಿದ್ದರು. ಆದರೆ ಅವಳ ಎರಡೂ ಮಂಡಿ ಸವೆದಿವೆ. ಮಾರ್ಚಿ ತಿಂಗಳಲ್ಲಿ ಆಪರೇಷನ್ ಅಂತ ಡಾಕ್ಟರು ದಿನ ಗೊತ್ತು ಮಾಡಿದ್ದರು. ಅಷ್ಟರೊಳಗೆ, ಹಿಮ ಇರುವಾಗಲೇ, ಒಂದೇ ಒಂದು ಸಲ ಮೇಲಿಂದ ನೋಡಬೇಕು. ಆಪರೇಷನ್ ಟೇಬಲ್ ಮೇಲೆ ಕಣ್ಣು ಮುಚ್ಚಿದಾಗ ನೆನೆಯುವುದಕ್ಕೆ ಒಂದು ಒಳ್ಳೆಯದು ಇರಲಿ ಅಂತ ಅವಳ ವಾದ. ಸ್ಕೀ ಕಟ್ಟಲಾರಳು, ಆದ್ದರಿಂದ ಲಿಫ್ಟ್ ಇಲ್ಲ. ನಡೆದು ಹತ್ತಲಾರಳು. ನಾನು ಬ್ರೇಕಿನ ಮನುಷ್ಯ, ನೋಡೋಣ ಬಿಡು ಅಂತ ಹೇಳುತ್ತಲೇ ಜನವರಿ ಕಳೆಯಿತು.

ಹುಲ್ಲಿನ ಅಳತೆ

ಟಿಕೆಟ್ ಕೊಡುವುದರ ಜೊತೆಗೆ ನನ್ನದು ಇನ್ನೊಂದು ಕೆಲಸ, ಹಿಮದ ವರದಿ. ಕ್ಲಬ್ಬಿಗೆ ಒಂದು ಫೋನ್ ನಂಬರಿದೆ. ಅದಕ್ಕೆ ಫೋನ್ ಮಾಡಿದರೆ ಇವತ್ತು ಹಿಮ ಎಷ್ಟಿದೆ, ಹೇಗಿದೆ, ಲಿಫ್ಟ್ ತೆರೆದಿದೆಯೋ ಇಲ್ಲವೋ ಅಂತ ಮುದ್ರಿಸಿದ ದನಿ ಹೇಳುತ್ತದೆ. ಆ ದನಿ ಈಗ ನನ್ನದು.

ನನಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದವರು ಒಂದೇ ಜಾಗದಲ್ಲಿ ಕೋಲು ಚುಚ್ಚುತ್ತಿದ್ದರಂತೆ, ಟಿಕೆಟ್ ಗೂಡಿನ ಹಿಂದುಗಡೆ. ನಾನು ಹೋಗಿ ನೋಡಿದೆ. ಊರ ಗಾಳಿಯೆಲ್ಲ ಹಿಮ ತಂದು ಗುಡ್ಡೆ ಹಾಕುವ ಮೂಲೆ ಅದು. ಪರೀಕ್ಷಾ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನಿಗೆ ಇದು ಹೇಗೆ ಸಹ್ಯವಾದೀತು? ಸ್ಟೀಲ್ ಟೇಪು ಹಿಡಿದು ಬುಡದಿಂದ ತಲೆವರೆಗೆ ಹದಿನಾಲ್ಕು ಜಾಗದಲ್ಲಿ ಅಳೆದೆ. ಬೆಳಗಿನ ಮಂಜಿನಲ್ಲಿ ಒಂಟಿಯಾಗಿ ಮಂಡಿಯೂರಿ ಅಳೆಯುತ್ತಾ ಹೋಗುವಾಗ, ಜಗತ್ತೆಲ್ಲ ಹತ್ತಿಯಲ್ಲಿ ಸುತ್ತಿಟ್ಟ ಗಾಜಿನ ಸಾಮಾನಿನ ಹಾಗೆ ಕಾಣುತ್ತಿತ್ತು. ಸರಾಸರಿ ತೆಗೆದು, ಫೋನಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇಷ್ಟು ಸೆಂಟಿಮೀಟರು, ಎರಡು ಕಡೆ ಹುಲ್ಲು, ಮೂರನೇ ಕಂಬದ ಬಳಿ ಕಲ್ಲು, ಅದರ ಕೆಳಗೆ ಹೆಗ್ಗಣದ ಮಣ್ಣು.

ಆ ಭಾನುವಾರ ಬಂದವನು ಒಬ್ಬನೇ. ಅವನೂ ಸ್ಕೀ ತಂದಿರಲಿಲ್ಲ, ಇಷ್ಟು ಸತ್ಯ ಹೇಳುವ ಮನುಷ್ಯ ಹೇಗಿದ್ದಾನೆ ಅಂತ ನೋಡಲು ಬಂದಿದ್ದ. ಸಂಜೆ ಅಧ್ಯಕ್ಷರು ಕಿಟಕಿಗೆ ಮೊಣಕೈ ಊರಿ ಬಹಳ ಮರ್ಯಾದೆಯಿಂದಲೇ ಹೇಳಿದರು: "ಸುಳ್ಳು ಹೇಳಿ ಅಂತ ನಾನು ಹೇಳುವವನಲ್ಲ. ಹಿಮ ಅಳೆಯಿರಿ ಅಂದಿದ್ದೆ, ನೀವು ಹುಲ್ಲು ಅಳೆದು ಬಂದಿದ್ದೀರಿ."

ಅನ್ನ ಆರುತ್ತಿದೆ

ವರದಿಯನ್ನು ಯಾವ ಫೋನಿನಿಂದ ಬೇಕಾದರೂ ಮುದ್ರಿಸಬಹುದು, ಒಂದು ಗುಟ್ಟಿನ ಸಂಖ್ಯೆ ಒತ್ತಬೇಕು ಅಷ್ಟೆ. ಅದನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಏಕಾದಶಿಯ ಪಕ್ಕದಲ್ಲಿ ಬರೆದಿಟ್ಟಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ಮನೆಯಲ್ಲೇ ನಿಂತು, ನನ್ನ ಅತ್ಯುತ್ತಮ ಜರ್ಮನ್‌ನಲ್ಲಿ, ನಾಳೆ ಹಿಮ ಪುಡಿಪುಡಿಯಾಗಿ ಚೆನ್ನಾಗಿರುತ್ತದೆ ಅಂತ ಮುದ್ರಿಸುತ್ತಿದ್ದೆ. ಹಿಂದಿನಿಂದ ಹೆಂಡತಿ ಕೂಗಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಲವತ್ತು ವರ್ಷದ ಅಭ್ಯಾಸ. ಆದರೆ ಯಂತ್ರಕ್ಕೆ ಆ ಅಭ್ಯಾಸ ಇರಲಿಲ್ಲ.

ಮರುದಿನ ಊರಿಗೆ ಊರೇ ಕೇಳಿತ್ತು. ನನ್ನ ವರದಿ ಮುಗಿಯುತ್ತಿದ್ದಂತೆ ಅಪ್ಪಟ ಕನ್ನಡದಲ್ಲಿ: "ರೀ, ಆ ಸ್ನೋ ಎಲ್ಲೂ ಹೋಗಲ್ಲ, ಇಲ್ಲಿ ಅನ್ನ ಆರ್ತಿದೆ."

ಅಧ್ಯಕ್ಷರು ಬಂದು ಆ ಹೆಂಗಸು ಏನು ಹೇಳಿದರು ಅಂತ ಕೇಳಿದರು. ಅರ್ಥ ಹೇಳಿದೆ. ಗುಡ್ಡದ ಕಡೆ ಕೈ ತೋರಿಸಿ, ಹಿಮ ಎಲ್ಲೂ ಹೋಗುವುದಿಲ್ಲ ಅಂತ ಇಷ್ಟು ಧೈರ್ಯವಾಗಿ ಹೇಳಿದವರು ಈ ಕ್ಲಬ್ಬಿನಲ್ಲಿ ಬೇರೆ ಯಾರೂ ಇಲ್ಲ, ಇನ್ನು ಮೇಲೆ ವರದಿಯನ್ನು ಅವರಿಗೇ ಕೊಡಬಹುದಲ್ಲ ಅಂದರು.

ಹತ್ತು ತೂತಿನ ಕಾರ್ಡು

ಆ ವರದಿಯನ್ನು ಮ್ಯೂನಿಕ್‌ನಲ್ಲಿ ಇಬ್ಬರು ಹುಡುಗರೂ ಕೇಳಿದ್ದರು. ಒಬ್ಬ ಮೈಸೂರಿನವನು, ಒಬ್ಬ ಭಟ್ಕಳದವನು, ಇಬ್ಬರೂ ಒಂದೇ ಐಟಿ ಕಂಪನಿ. ಹಿಮ ಎಲ್ಲಿ ಚೆನ್ನಾಗಿದೆ ಅಂತ ಒಂದೊಂದೇ ಗುಡ್ಡಕ್ಕೆ ಫೋನ್ ಮಾಡುತ್ತಾ ಬಂದವರು, 'ಅನ್ನ ಆರ್ತಿದೆ' ಅನ್ನುವುದು ಕೇಳಿದ ತಕ್ಷಣ ಉಳಿದ ಗುಡ್ಡಗಳನ್ನೆಲ್ಲ ಕೈಬಿಟ್ಟು ಮೊದಲ ರೈಲಿಗೆ ಬಂದಿಳಿದರು.

ನಮ್ಮಲ್ಲಿ ಹತ್ತು ಸಲಕ್ಕೆ ಅಂತ ಒಂದು ಕಾರ್ಡಿದೆ. ಒಂದೊಂದು ಸಲ ಲಿಫ್ಟ್ ಹಿಡಿದಾಗಲೂ ನಾನು ಇಕ್ಕಳದಂಥ ಸಾಧನದಿಂದ ಅದರಲ್ಲಿ ಒಂದು ತೂತು ಹೊಡೆಯುತ್ತೇನೆ. ಮೈಸೂರಿನವನು ಸಲೀಸಾಗಿ ಮೇಲೆ ಹೋದ. ಭಟ್ಕಳದವನು ಮೊದಲ ಕಂಬದಲ್ಲಿ ಬಿದ್ದ. ಎರಡನೇ ಸಲ ಎರಡನೇ ಕಂಬ. ಮೂರನೇ ಸಲ ಅವನು ಹಿಡಿದಿದ್ದ ಕೋಲು ಒಂದೇ ಮೇಲೆ ಹೋಯಿತು. ಪ್ರತಿ ಸಲ ಬಂದು ಕಾರ್ಡು ಚಾಚುತ್ತಿದ್ದ, ನಾನು ತೂತು ಹೊಡೆಯುತ್ತಿದ್ದೆ. ನಿಯಮ ನಿಯಮವೇ. ಮೈಸೂರಿನವನು ಪಕ್ಕದಲ್ಲೇ ಜಾರಿಕೊಂಡು ಬರುತ್ತಾ, "ಗುರು, ಹೋದ್ ಸಲಕ್ಕಿಂತ ನಾಲ್ಕಡಿ ಜಾಸ್ತಿ ಹೋದೆ ಕಣೋ" ಅಂತ ಧೈರ್ಯ ಹೇಳಿ ಮಾಯವಾಗುತ್ತಿದ್ದ.

ಹತ್ತನೇ ತೂತು ಬಿದ್ದಾಗ ಆ ಹುಡುಗ ನಾಲ್ಕನೇ ಕಂಬದ ಸುಖವನ್ನು ಕಂಡೇ ಇರಲಿಲ್ಲ. ಸ್ಕೀಗಳನ್ನು ಹೆಗಲಿಗೆ ಹಾಕಿಕೊಂಡು ಇಳಿಜಾರಿನ ನಟ್ಟನಡುವೆ ನಡೆದೇ ಹೊರಟ. ಮೇಲಿಂದ ಜನ ಬಾಣದ ಹಾಗೆ ಬರುತ್ತಿದ್ದಾರೆ, ಇವನು ದೇವಸ್ಥಾನದ ಮೆಟ್ಟಿಲು ಹತ್ತುವವನ ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದಾನೆ. ನಾನು ಓಡಿಹೋಗಿ ತಡೆದು, ಹೀಗೆ ನಡೆದು ಹತ್ತಬಾರದಪ್ಪಾ ಅಂದೆ.

"ಅಂಕಲ್, ಹತ್ತು ಸಲ ಹೋಗೋಕೆ ಟಿಕೆಟ್ ತಗೊಂಡೆ. ಒಂದು ಸಲ ಬರೋಕಾದ್ರೂ ಬಿಡಿ."

ಇಬ್ಬರನ್ನೂ ಊಟಕ್ಕೆ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಹೆಂಡತಿಗೂ ಭಟ್ಕಳದವನಿಗೂ, ಮೇಲೆ ಹೋಗಲಾರದವರಿಬ್ಬರಿಗೂ, ಒಳ್ಳೆಯ ಹೊಂದಾಣಿಕೆಯಾಯಿತು. ನಾವಿಬ್ಬರೂ ಆಂಟಿಯನ್ನು ಹಿಮದ ಬಂಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುತ್ತೇವೆ ಅಂತ ಹುಡುಗರು ಅಂದಾಗ ಅವಳು ಅವರ ಮಂಡಿಗಳನ್ನೂ ತನ್ನ ಮಂಡಿಗಳನ್ನೂ ನೋಡಿ, ಬೇಡ, ಆಪರೇಷನ್‌ಗೆ ಮೂರು ಜನರ ಹೆಸರು ಬರೆಸಬೇಕಾಗುತ್ತದೆ ಅಂದಳು.

ಹನ್ನೆರಡು ನಿಯಮ

ಆ ಹುಡುಗ ಇಳಿಜಾರಿನ ನಡುವೆ ನಡೆದದ್ದು ನನ್ನ ನಿದ್ದೆಗೆಡಿಸಿತು. ಕ್ಲಬ್ಬಿನಲ್ಲಿ ಬರೆದಿಟ್ಟ ನಿಯಮ ಅಂತ ಒಂದೂ ಇರಲಿಲ್ಲ. ದೊಡ್ಡ ದೊಡ್ಡ ಸ್ಕೀ ತಾಣಗಳವರು ಹಾಕಿರುವುದನ್ನೆಲ್ಲ ಓದಿ, ಆರಿಸಿ, ಹನ್ನೆರಡು ನಿಯಮ ಟೈಪು ಮಾಡಿದೆ. ಹತ್ತುವವರು ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹತ್ತಬೇಕು. ಸಂಜೆ ಐದರ ಮೇಲೆ ಹತ್ತಬಾರದು, ಹಿಮ ಹಾಸುವ ಯಂತ್ರ ಕೆಲಸದಲ್ಲಿರುತ್ತದೆ. ಐದನೆಯದು, ಸ್ಕೀ ಇಲ್ಲದೆ ಬರಿಗಾಲಲ್ಲಿ, ಅಂದರೆ ಬೂಟುಗಾಲಲ್ಲಿ, ಹತ್ತುವಂತಿಲ್ಲ. ಆರನೆಯದು, ಲಿಫ್ಟ್ ಬಳಸದೆ ಹತ್ತುವವರಿಗೂ ಟಿಕೆಟ್ ಕಡ್ಡಾಯ. ಎಂಟನೆಯದು, ಯಂತ್ರದಲ್ಲಿ ಚಾಲಕನ ಹೊರತು ಯಾರೂ ಕೂರಬಾರದು. ಒಂಬತ್ತನೆಯದು, ನಾಯಿಗಳಿಗೆ ಪ್ರವೇಶವಿಲ್ಲ. ಅಧ್ಯಕ್ಷರು ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು, ಕಣ್ಣು ಕಿರಿದು ಮಾಡಿ ಅಕ್ಷರ ಅಂದವಾಗಿದೆ ಅಂತ ಸಹಿ ಹಾಕಿದರು. ಲ್ಯಾಮಿನೇಟ್ ಮಾಡಿಸಿ ಬುಡದಲ್ಲಿ ಹಲಗೆ ನೆಟ್ಟೆ.

ಊರಲ್ಲಿ ಒಬ್ಬ ನಿವೃತ್ತ ಶಾಲಾ ಮಾಸ್ತರಮ್ಮ ಇದ್ದಾರೆ. ಸ್ಕೀ ತಳಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ದಿನಾ ಬೆಳಗ್ಗೆ ಗುಡ್ಡ ಹತ್ತುತ್ತಾರೆ, ಜೊತೆಗೊಂದು ಕಂದು ನಾಯಿ. ನಾನು ವಿನಯವಾಗಿ ಹಲಗೆ ತೋರಿಸಿದೆ. ಅವರು ಹಳೆಯ ರೂಢಿಯಂತೆ ಮೊದಲಿಂದ ಕಡೆಯವರೆಗೆ ಓದಿ, ಜೇಬಿನಿಂದ ಪೆನ್ಸಿಲ್ ತೆಗೆದು ಎರಡು ಕಡೆ ನನ್ನ ವ್ಯಾಕರಣ ತಿದ್ದಿ, ಇಂಥ ಬರಹಕ್ಕೆ ತಾವು ಶಾಲೆಯಲ್ಲಿ ಜಸ್ಟ್ ಪಾಸ್ ಕೊಡುತ್ತಿದ್ದುದಾಗಿ ಹೇಳಿದರು. ಆಗ ನಾಯಿಯ ಸರದಿ. ಅದು ಹಲಗೆಯ ಹತ್ತಿರ ಬಂದು, ಕಂಬವನ್ನು ಎರಡು ಸಲ ಮೂಸಿ, ಹಿಂಗಾಲೆತ್ತಿ ತನ್ನ ಸಹಿಯನ್ನೂ ಹಾಕಿತು.

ಆಮೇಲಿಂದ ಒಂದು ವಿಚಿತ್ರ ಶುರುವಾಯಿತು. ಬೇಕರಿಯಲ್ಲಿ ಬ್ರೆಡ್ಡಿಗೆ ನಿಂತ ಅಜ್ಜಿಯರು ನನ್ನನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದರು. ಏನೋ, ನನ್ನ ಉಚ್ಚಾರಣೆ ಇರಬೇಕು ಅಂದುಕೊಂಡೆ. ನನ್ನ ಹೆಂಡತಿಯ ಹತ್ತಿರ ಮಾತ್ರ ಎಲ್ಲರೂ ಚೆನ್ನಾಗಿದ್ದರು. ಅವಳ ಜರ್ಮನ್‌ನಲ್ಲಿ ಕ್ರಿಯಾಪದಗಳೇ ಇಲ್ಲ, ಆದರೂ ಅವಳ ಜೊತೆ ಅರ್ಧರ್ಧ ಗಂಟೆ ಕೈಸನ್ನೆಯಲ್ಲೇ ಹರಟುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕೋಲೂರಿಕೊಂಡು ಹಲಗೆಯ ಹತ್ತಿರ ಬಂದಳು. ಒಂದೊಂದೇ ನಿಯಮವನ್ನು ನನ್ನಿಂದ ಓದಿಸಿ ಕೇಳಿದಳು.

"ಇದರಲ್ಲಿ ನಾನು ಮೇಲೆ ಹೋಗೋಕೆ ಯಾವುದ್ರೀ ದಾರಿ?"

ಯೋಚಿಸಿ ನೋಡಿದೆ. ಲಿಫ್ಟ್ ಹೇಗೂ ಇಲ್ಲ. ಐದನೆಯದು ನಡಿಗೆಯನ್ನು ಮುಚ್ಚಿತ್ತು, ಎಂಟನೆಯದು ಯಂತ್ರವನ್ನು ಮುಚ್ಚಿತ್ತು. ಯಾವುದೂ ಇಲ್ಲ ಅಂದೆ.

"ಬರೆದೋರು ಯಾರು?"

ನಾನೇ ಅಂದೆ. ಆ ರಾತ್ರಿ ಸಾರಿಗೆ ಉಪ್ಪು ಹಾಕಿರಲಿಲ್ಲ. ಕೇಳಿದ್ದಕ್ಕೆ, ಉಪ್ಪು ಹಾಕಬಹುದು ಅಂತ ಯಾವ ನಿಯಮದಲ್ಲೂ ಬರೆದಿಲ್ಲವಲ್ಲ ಅಂದಳು.

ಬೆಳಗಿನ ವರದಿ

ಫೆಬ್ರವರಿ ಕೊನೆಯ ವಾರ. ಆಪರೇಷನ್‌ಗೆ ಹತ್ತು ದಿನ ಉಳಿದಿತ್ತು. ಎರಡು ದಿನ ಬಿಡದೆ ಹಿಮ ಸುರಿದು, ಮೂರನೇ ದಿನ ಬೆಳಗಾಗುವ ಹೊತ್ತಿಗೆ ಎಲ್ಲ ನಿಂತಿತ್ತು. ಅಂಥ ಬೆಳಗ್ಗೆ ಏಳುವುದು ಅಂದರೆ ಕನಸಿನಿಂದ ಇನ್ನೊಂದು ಕನಸಿಗೆ ಮಗ್ಗುಲು ಬದಲಾಯಿಸಿದ ಹಾಗೆ. ಬೀದಿ ಇಲ್ಲ, ಬೇಲಿ ಇಲ್ಲ, ಸದ್ದಿಲ್ಲ. ಪಕ್ಕದಲ್ಲಿ ಹೆಂಡತಿಯೂ ಇಲ್ಲ.

ಬೇಕರಿಗೆ ಹೋಗಿರಬೇಕು ಅಂದುಕೊಂಡೆ. ದಿನದ ಅಭ್ಯಾಸದಂತೆ, ಹಿಂದಿನ ಸಂಜೆಯ ನನ್ನ ವರದಿ ಸರಿಯಾಗಿ ಮುದ್ರಣವಾಗಿದೆಯೇ ಅಂತ ಪರೀಕ್ಷಿಸಲು ಕ್ಲಬ್ಬಿನ ನಂಬರಿಗೆ ಫೋನ್ ಮಾಡಿದೆ. ನನ್ನ ದನಿ ಬರಲಿಲ್ಲ. ಕ್ರಿಯಾಪದವಿಲ್ಲದ ಜರ್ಮನ್ ಬಂತು: ಮೇಲೆ ಹಿಮ. ತುಂಬಾ. ಚಂದ. ಸೂರ್ಯ. ಆಮೇಲೆ ಒಂದು ಕ್ಷಣ ಗಾಳಿಯ ಸದ್ದು, ಆಮೇಲೆ ಕನ್ನಡ: "ರೀ, ಉಪ್ಪಿಟ್ಟು ಡಬ್ಬೀಲಿದೆ, ತಿಂದು ನಿಧಾನಕ್ಕೆ ಬನ್ನಿ. ಮಫ್ಲರ್ ಮರೀಬೇಡಿ."

ಇಡೀ ಜಿಲ್ಲೆಯ ಸ್ಕೀ ಪ್ರಿಯರು ನನ್ನ ಉಪ್ಪಿಟ್ಟಿನ ವಿಚಾರ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಹೊಳೆಯುವ ಮೊದಲೇ ನಾನು ಹೊರಗೆ ಓಡಿದ್ದೆ. ಗುಡ್ಡದ ಮೇಲೆ, ಕಣಿವೆ ತುಂಬಿದ ಮಂಜಿನೊಳಗೆ, ಯಂತ್ರದ ದೀಪ ಕೆಂಪು ಹುಳುವಿನ ಹಾಗೆ ಮೇಲಕ್ಕೆ ಹರಿಯುತ್ತಿತ್ತು. ಬುಡದಲ್ಲಿ, ನನ್ನ ಹಲಗೆಯ ಪಕ್ಕದಲ್ಲೇ, ಬೇಕರಿಯ ಮೂವರು ಅಜ್ಜಿಯರು ಟೋಪಿ ಶಾಲು ಬಿಗಿದುಕೊಂಡು ಬಸ್ಸಿಗೆ ಕಾದವರ ಹಾಗೆ ನಿಂತಿದ್ದರು. ಅವತ್ತು ಅವರು ಮುಖ ತಿರುಗಿಸಲಿಲ್ಲ, ನಕ್ಕರು. ವಿಷಯವನ್ನು ಬಿಡಿಸಿ ಹೇಳಿದವರು ಮಾಸ್ತರಮ್ಮ, ಜೊತೆಗೆ ನಾಯಿ.

ಇದು ಊರಿನ ಹಳೆಯ ಪದ್ಧತಿಯಂತೆ. ಯಂತ್ರದಲ್ಲಿ ಚಾಲಕನ ಪಕ್ಕಕ್ಕೆ ಒಂದು ಸೀಟಿದೆ. ಪ್ರತಿ ಚಳಿಗಾಲ, ಹೊಸ ಹಿಮ ಬಿದ್ದು ಆಕಾಶ ತಿಳಿಯಾದ ಬೆಳಗ್ಗೆ, ಅಧ್ಯಕ್ಷರು ಊರ ಅಜ್ಜಿಯರನ್ನು ಒಬ್ಬೊಬ್ಬರನ್ನಾಗಿ ಮೇಲೆ ಕರೆದುಕೊಂಡು ಹೋಗಿ ಆಲ್ಪ್ಸ್ ತೋರಿಸಿಕೊಂಡು ಬರುತ್ತಿದ್ದರು. ಈ ವರ್ಷ ನನ್ನ ಎಂಟನೇ ನಿಯಮ ಓದಿ ಅಜ್ಜಿಯರು ಸುಮ್ಮನಾದರು. ಯಾರೂ ಬಾಯಿಬಿಟ್ಟು ಕೇಳದ್ದರಿಂದ, ಪಾಪ ಎಲ್ಲರಿಗೂ ವಯಸ್ಸಾಯಿತು ಅಂತ ಅಧ್ಯಕ್ಷರೂ ಸುಮ್ಮನಾದರು. ನಡುವೆ ಏನಾಗಿದೆ ಅಂತ ಕಂಡುಹಿಡಿದವಳು ನನ್ನ ಹೆಂಡತಿ, ಬೇಕರಿಯಲ್ಲಿ, ಕೈಸನ್ನೆಯಿಂದ. ಅಧ್ಯಕ್ಷರ ಮನೆಗೆ ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಹೋಗಿ ಎಂಟನೇ ನಿಯಮದ ಮಾತೆತ್ತಿದರೆ, ಅವರು ಯಾವ ಎಂಟನೆಯದು ಅಂತ ಕೇಳಿದರಂತೆ. ಕನ್ನಡಕ ಇಲ್ಲದ ಸಹಿ ನೋಡಿ. ಇಷ್ಟು ದಿನ ಅವರು ಆ ಹಲಗೆಯನ್ನು ಮ್ಯೂನಿಕ್‌ನವರಿಗೆ ಊಟದ ಪಟ್ಟಿ ಅಂದುಕೊಂಡಿದ್ದರು.

ಯಂತ್ರ ಅಜ್ಜಿಯರನ್ನು ಸಾಗಿಸುವುದರಲ್ಲಿತ್ತು, ನನಗೆ ಜಾಗವಿರಲಿಲ್ಲ. ನಡೆದೇ ಹೊರಟೆ. ಅಂಚು ಹಿಡಿದು, ಒಬ್ಬನೇ ಇದ್ದರೂ ಸಾಲಾಗಿ. ಕಾಲಲ್ಲಿ ಸ್ಕೀ ಇಲ್ಲ ಅನ್ನುವುದು ಎರಡನೇ ಕಂಬದ ಹತ್ತಿರ ಹೊಳೆಯಿತು, ಐದನೇ ನಿಯಮಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ. ಮೂರನೇ ಕಂಬದ ಮೇಲೆ ಮಂಜು ಕಳಚಿತು. ನನ್ನ ಉಸಿರಿನ ಸದ್ದು, ಬೂಟಿನಡಿ ಹಿಮದ ಕರಕರ, ಅಷ್ಟೆ. ಎಷ್ಟು ಹೊತ್ತು ಹತ್ತಿದೆನೋ. ನಾಲ್ಕನೇ ಕಂಬವನ್ನು ಯಾವಾಗ ದಾಟಿದೆ ಅನ್ನುವುದನ್ನೇ ಗಮನಿಸಲಿಲ್ಲ.

ಮೇಲೆ, ಲಿಫ್ಟ್ ಮುಗಿಯುವಲ್ಲಿರುವ ಗುಡಿಸಲಿನ ಬೆಂಚಿನ ಮೇಲೆ, ನನ್ನ ಹೆಂಡತಿ ಸೂರ್ಯನಿಗೆದುರಾಗಿ ಕೂತಿದ್ದಳು. ಸೀರೆಯ ಮೇಲೆ ನನ್ನ ಹಳೆಯ ಕೋಟು, ಮಂಡಿಯ ಮೇಲೆ ಅಧ್ಯಕ್ಷರು ಹೊದಿಸಿದ ಹಸುವಿನ ಕಂಬಳಿ. ಪಕ್ಕದಲ್ಲಿ ಆಗಲೇ ಬಂದಿಳಿದ ಇಬ್ಬರು ಅಜ್ಜಿಯರು ಕೋಡುಬಳೆ ಕಡಿಯುತ್ತಿದ್ದರು. ಎದುರಿಗೆ, ಈ ತುದಿಯಿಂದ ಆ ತುದಿಗೆ, ಪರ್ವತ. ಎಣಿಸಲು ಹೋದರೆ ಲೆಕ್ಕ ತಪ್ಪುವಷ್ಟು ಶಿಖರಗಳು, ಎಲ್ಲಕ್ಕೂ ನಸುಗೆಂಪು. ಕೆಳಗೆ ನಮ್ಮ ಊರು, ಕಣಿವೆ, ರೈಲುದಾರಿ ಯಾವುದೂ ಇಲ್ಲ. ಬರೀ ಮಂಜು, ಬೆಳ್ಳಗೆ ಉಬ್ಬಿ ಅಂಚಿನವರೆಗೆ ತುಂಬಿ ನಿಂತಿತ್ತು.

ಅವಳು ಕೋಲಿನ ತುದಿಯಿಂದ ಆ ಮಂಜನ್ನು ತೋರಿಸಿದಳು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷದಲ್ಲಿ ನನ್ನ ದೋಸೆ ಹಿಟ್ಟು ಈ ದೇಶದಲ್ಲಿ ಒಂದು ದಿನಾನೂ ಹೀಗೆ ಉಬ್ಬಿರ್ಲಿಲ್ಲ" ಅಂದಳು.

ಏದುಸಿರು ಬಿಡುತ್ತಾ ಅವಳ ಪಕ್ಕ ಕೂರಲು ಹೋದೆ. ಅವಳು ಕೋಲನ್ನು ಅಡ್ಡ ಹಿಡಿದಳು. ಇನ್ನೊಂದು ಕೈ ಕೋಟಿನ ಜೇಬಿಗೆ ಹೋಗಿ, ನನ್ನದೇ ತೂತು ಹೊಡೆಯುವ ಇಕ್ಕಳವನ್ನು ಹೊರಗೆ ತೆಗೆಯಿತು. ಅಜ್ಜಿಯರು ಅಗಿಯುವುದನ್ನು ನಿಲ್ಲಿಸಿದರು. ನಲವತ್ತು ವರ್ಷ 'ರೀ' ಅನ್ನುವುದರ ಹೊರತು ಬೇರೆ ಅರಿಯದ ನನ್ನ ಹೆಂಡತಿ, ನಾಲ್ಕನೇ ಕಂಬ ಕೆಳಗೆಲ್ಲೋ ಇದೆ ಅನ್ನುವುದನ್ನು ಒಮ್ಮೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು, ಇಕ್ಕಳವನ್ನು ಎರಡು ಸಲ ಟಕಟಕ ಅನ್ನಿಸಿ ಕೇಳಿದಳು:

"ಆರನೇ ನಿಯಮ. ನಿನ್ನ ಟಿಕೆಟ್ ಎಲ್ಲೋ?"